ಸಂಶಯದ ಏರು

ಕ್ಯೋಟೋ ನಗರದ ಹಳೆಯ ಬಟ್ಟೆ ಅಂಗಡಿಗಳ ಕೇರಿಯಿಂದ ಇನಾರಿ ದೇವರ ಗುಡಿಗೆ ಹತ್ತುವ ಕಿರಿದಾದ ಏರೊಂದಿದೆ. ಅಜ್ಜಿಯರ ಕಿಮೋನೋ ಕತ್ತರಿಸಿ ಹೊಲಿದ ಜಾಕೀಟು ತೊಟ್ಟ ಹುಡುಗಿಯರು ಇಲ್ಲಿ ದಿನವಿಡೀ ಫೋಟೋ ತೆಗೆಸಿಕೊಳ್ಳುತ್ತಾರೆ. ಹಸಿವಾದರೆ, ಸೋಯಾ ಪನೀರಾದ ತೋಫುವನ್ನು ಕರಿದು ಮಾಡಿದ ಸಿಹಿ ಚೀಲಕ್ಕೆ ಅನ್ನ ತುಂಬಿ ಮಾಡಿದ ತಿನಿಸನ್ನು ಕೊಂಡು ತಿನ್ನುತ್ತಾರೆ. ಈ ಜಾಗಕ್ಕೆ ಉತಗಾಯ್‌ಜಕಾ, ಅಂದರೆ ಸಂಶಯದ ಏರು, ಎನ್ನುತ್ತಾರೆ. ದೇವರ ದಾರಿಗೆ ಇಂಥ ಹೆಸರೇಕೆ ಎಂದು ವಿಚಾರಿಸಿದರೆ, ಅಂಗಡಿಯವರು ಕೇಳಿದವನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿ ಆಮೇಲೆ ಬಾಯಿ ಬಿಡುತ್ತಾರೆ.

ಹಿಂದೆ ಒಮ್ಮೆ ಓಕಿನು ಎಂಬ ಒಂಟಿ ಹೆಂಗಸು ಇಲ್ಲಿಗೆ ಬಂದು, ಬಾಡಿಗೆ ಕೋಣೆ ಹಿಡಿದು, ಕಿಮೋನೋ ಹೊಲಿಯತೊಡಗಿದಳು. ಬೇರೆಲ್ಲೂ ನೆಲೆ ಸಿಗದವಳಿಗೆ ಆ ಕೋಣೆಯೇ ಕಡೆಯ ಆಸರೆ. ಅವಳ ಹೊಲಿಗೆ ಬಲು ನಯ. ಅಷ್ಟು ನಯ ಮನುಷ್ಯರ ಕೈಗೆ ಬರುವುದುಂಟೇ ಎಂಬಲ್ಲಿಂದ ಗುಸುಗುಸು ಶುರುವಾಯಿತು. ಸಾಲದ್ದಕ್ಕೆ ಅವಳು ದಿನಾ ಸಂಜೆ ಜಿನ್‌ಬೇ ಎಂಬವನ ಅಂಗಡಿಯಲ್ಲಿ ಒಂದು ಕರಿದ ತೋಫು ಕೊಳ್ಳುತ್ತಿದ್ದಳು. ಇನಾರಿಯ ದೂತನಾದ ನರಿಗೆ ಕರಿದ ತೋಫು ಪ್ರಾಣ, ನರಿ ಹೆಣ್ಣಿನ ವೇಷ ತಾಳುತ್ತದೆ, ನಾಯಿ ಕಂಡರೆ ಆ ವೇಷ ಕಳಚುತ್ತದೆ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು.

"ದಿನಾ ಯಾರಿಗಮ್ಮ ಇದು?" ಎಂದು ಜಿನ್‌ಬೇ ಕೇಳಿದ.

"ಹಸಿದವರಿಗೆ" ಎಂದಳು ಓಕಿನು.

ಅಷ್ಟು ಸಾಕಾಯಿತು. ಜಿನ್‌ಬೇಯ ತಾಯಿ ಓತೋರಾಳ ಮಾತಿನಂತೆ, ಬೀದಿಯಲ್ಲಿ ಅಲೆಯುತ್ತಿದ್ದ ನಾಯಿಯೊಂದನ್ನು ಹಿಡಿದು ಗುಡಿಯ ಮೆಟ್ಟಿಲಿಗೆ ಕಟ್ಟಿದರು. ಓಕಿನು ಬಂದಳು. ನಾಯಿ ಬೊಗಳಲಿಲ್ಲ, ಬಾಲ ಆಡಿಸುತ್ತ ಅವಳ ಕಾಲಬುಡದಲ್ಲಿ ಮಲಗಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

"ನೋಡಿದ್ರಾ, ನಾಯಿಗೂ ಮಂಕುಬೂದಿ ಎರಚಿದಾಳೆ" ಎಂದಳು ಓತೋರಾ.

ಮರುದಿನ ಮನೆಯ ಯಜಮಾನ ಓಕಿನುವಿಗೆ ಕೋಣೆ ಬಿಡಿಸಿದ. ಅವಳು, ಓತೋರಾ ಹೊಲಿಯಲು ಕೊಟ್ಟಿದ್ದ ಚಳಿಗಾಲದ ನಿಲುವಂಗಿಯನ್ನು ಮಡಿಸಿ ತಲುಪಿಸಿ ಹೋದಳು. ಮುದುಕಿ ಅದನ್ನು ಬೆಳಕಿಗೆ ಹಿಡಿದು, ನರಿಯ ಕೂದಲೇನಾದರೂ ಸಿಕ್ಕೀತೇ ಎಂದು ಹೊಲಿಗೆ ಹೊಲಿಗೆಯನ್ನೂ ಹುಡುಕಿದಳಂತೆ.

ಆ ಸಂಜೆ, ಓಕಿನು ಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಅದೇ ನಾಯಿ ಅಂಗಡಿಯ ಮುಂದೆ ಬಂದು ಕೂತಿತು. ಜಿನ್‌ಬೇ ಒಂದು ತೋಫು ಎಸೆದ. ಅದು ಬಾಯಿ ತೆರೆದಾಗ ನೋಡಿದರೆ ಒಂದು ಹಲ್ಲೂ ಇರಲಿಲ್ಲ. ಮೆತ್ತಗಿನದಲ್ಲದೆ ಬೇರೇನನ್ನೂ ಅದು ತಿನ್ನುವಂತಿರಲಿಲ್ಲ. ಜಿನ್‌ಬೇ ಅಂಗಡಿಯನ್ನು ಹಾಗೆಯೇ ಬಿಟ್ಟು, ಅವಳ ಹೆಸರು ಕೂಗುತ್ತ ಇಳಿಜಾರಿನುದ್ದಕ್ಕೂ ಓಡಿದ. ಅವಳು ಸಿಗಲಿಲ್ಲ. ಹಿಂದಿರುಗಿದವನು, ಇನ್ನು ಗಿರಾಕಿಯ ಮುಖ ನೋಡಿ ವ್ಯಾಪಾರ ಮಾಡುವುದಿಲ್ಲ ಎಂದು ಅಂಗಡಿಯ ಮುಂದೆ ದಪ್ಪ ಪರದೆ ಇಳಿಬಿಟ್ಟ. ಏರಿಗೆ ಈ ಹೆಸರಿಟ್ಟು ಹಂಗಿಸಿದವರು ಪಕ್ಕದ ಕೇರಿಯವರು ಎನ್ನುತ್ತಾರೆ.

ಇಂದಿಗೂ ಗುಡಿಯ ಬಾಗಿಲಲ್ಲಿ ಒಂದು ಕಡೆ ಕಲ್ಲಿನ ನರಿ, ಇನ್ನೊಂದು ಕಡೆ ಕಲ್ಲಿನ ನಾಯಿ ಇವೆ. ಜಿನ್‌ಬೇಯ ವಂಶದವರು ಈಗಲೂ ಪರದೆಯ ಹಿಂದಿನಿಂದಲೇ ತೋಫು ಮಾರುತ್ತಾರೆ. ಕೊಳ್ಳುವವರು ಕೆಳಗಿನಿಂದ ಕೈ ಚಾಚಬೇಕು. ನಾನೂ ಚಾಚಿ ಕೊಂಡಿದ್ದೇನೆ, ರುಚಿಯಾಗಿತ್ತು. ಆ ಪರದೆಯಲ್ಲಿ, ಮಾರುವವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಒಂದು ಸಣ್ಣ ತೂತಿದೆ.