ಹೊಸ್ತಿಲಲ್ಲಿ ನಿಂತ ಬಾಳವ್ವ

ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ, ಬಾಳವ್ವ ಅಂತ ಒಬ್ಬಳಿದ್ದಳಂತೆ. ನಮ್ಮಜ್ಜಿಯ ಅಜ್ಜಿ ಅವಳನ್ನು ನೋಡಿದ್ದಳಂತೆ. ನೋಡಿದವರನ್ನು ನೋಡಿದ್ದಳು ಅಂತಲೂ ಹೇಳುತ್ತಾರೆ.

ಆ ಊರಲ್ಲಿ ಹೊಸ ಸೊಸೆ ಒಡಪು ಹಾಕಬೇಕು, ಅಂದರೆ ಪ್ರಾಸ ಕೂಡಿಸಿ ಗಂಡನ ಹೆಸರು ಹೇಳಬೇಕು. ಹೇಳಿದರೇನೇ ಮನೆಯೊಳಗೆ ಬಿಡೋದು. ಬಾಯಿ ಬಿಡದೆ ನಿಂತವಳನ್ನು ಕಡೆಗೆ ಒಳಗೆ ಕರೆದುಕೊಂಡರೂ, ಸಾಯೋತನಕ ಅವಳಿಗೆ ಮೂಕಿ ಅಂತಲೇ ಹೆಸರು. ಬಾಳವ್ವನ ಅತ್ತೆಗೇ ಆ ಹೆಸರಿತ್ತಂತೆ. ಅವಳ ನಿಜವಾದ ಹೆಸರು ಗಂಡನಿಗೂ ಮರೆತುಹೋಗಿತ್ತಂತೆ.

ಬಾಳವ್ವ ಹೆದರಿರಲಿಲ್ಲ. ತವರಿನ ಮುದುಕಿಯೊಬ್ಬಳು ಕಲಿಸಿದ ಒಡಪು ಬಾಯಲ್ಲಿ ಗಟ್ಟಿಯಾಗಿತ್ತು. ಆದರೆ ಅಂದು ಬಾಳವ್ವನ ಗಂಡ, ಅವನ ಅಣ್ಣ ಇಬ್ಬರದೂ ಒಂದೇ ಹಂದರದಲ್ಲಿ ಮದುವೆ. ಅಣ್ಣನ ಹೆಂಡತಿಯೂ ಬಾಳವ್ವನ ತವರೂರಿನವಳೇ. ಮೊದಲು ನಿಂತ ಅವಳು ಬಾಯಿ ತೆರೆದಳು:

"ಬೆಳ್ಳಿ ಬಟ್ಟಲ ತುಂಬ ಬೆಲ್ಲದ ಹಾಲು, ಭರಮಪ್ಪನೋರು ನನ್ನ ಪಾಲು."

ಬಾಳವ್ವನ ಬಾಯಲ್ಲಿದ್ದದ್ದೂ ಅದೇ. ಮುದುಕಿ ಇಬ್ಬರಿಗೂ ಒಂದನ್ನೇ ಕಲಿಸಿದ್ದಳು!

ಬಾಗಿಲಿಗೆ ಕೈ ಅಡ್ಡ ಇಟ್ಟಿದ್ದ ನಾದಿನಿ, "ಹೂಂ ವೈನಿ, ಈಗ ನಿಮ್ಮ ಪಾಳಿ. ಎಂಜಲ ಒಡಪು ನಡಿಯೂದಿಲ್ಲ ಮತ್ತ!" ಅಂದಳು.

ಬಾಳವ್ವ ಕಣ್ಣು ಮುಚ್ಚಿದಳು. ಬಂದೀತು, ಇನ್ನೊಂದು ಬಂದೀತು ಅಂತ ಕಾದಳು. ಬರಲಿಲ್ಲ. ಒಳಗೆ ಆರತಿ ಹಿಡಿದು ನಿಂತ ಅತ್ತೆ ಹೊಸ್ತಿಲತ್ತ ಒಂದು ಹೆಜ್ಜೆ ಇಟ್ಟಳಂತೆ.

ತಾನಾಗಿ ಬರೋದಿಲ್ಲ ಅಂದಮೇಲೆ ತಾನೇ ಹೋಗಿ ಹಿಡಿಯಬೇಕು ಅನ್ನಿಸಿತಂತೆ ಬಾಳವ್ವನಿಗೆ. ಕಣ್ಣು ಬಿಟ್ಟಳು. ತಲೆ ಬಗ್ಗಿಸಿದವಳಿಗೆ ಕಂಡದ್ದು ಇಷ್ಟೇ: ಒದೆಯಲು ಇಟ್ಟ ಸೇರಕ್ಕಿ, ಪಕ್ಕದಲ್ಲಿ ಹೊಸ ಮೆಟ್ಟು ಕಚ್ಚಿ ನೀರು ತುಂಬಿದ ಬೊಕ್ಕೆ ಎದ್ದ ಗಂಡನ ಕಾಲು.

"ಹೊಸ್ತಿಲ ಮ್ಯಾಲ ಸೇರು ಅಕ್ಕಿ, ನಿಂಗಪ್ಪನೋರ ಕಾಲಾಗ ಬೊಕ್ಕಿ!"

ಮೊದಲು ನಕ್ಕವಳು ಅತ್ತೆ. ಆ ಮನೆಯಲ್ಲಿ ಅವಳ ದನಿ ಜೋರಾಗಿ ಕೇಳಿಸಿದ್ದು ಅಂದೇ ಅಂತಾರೆ. ನಾದಿನಿ ನಕ್ಕು ನಕ್ಕು ಬಾಗಿಲ ಕೈ ಬಿಟ್ಟಳು. ನಿಂಗಪ್ಪ ಮಾತ್ರ, "ಇದನ್ನ ಊರಿಗೆಲ್ಲಾ ಹೇಳಬೇಕಾಗಿತ್ತೇನ?" ಅಂತ ಕುಂಟುತ್ತ ಒಳಹೋದನಂತೆ.

ಆ ಒಡಪಿಗೆ ಬೊಕ್ಕೆ ಅಲ್ಲೇ ಒಣಗಿತು ಅನ್ನುವವರಿದ್ದಾರೆ. ಬಾಗಿಲು ತಾನಾಗಿ ತೆರೆಯಿತು ಅನ್ನುವವರೂ ಇದ್ದಾರೆ. ಬಾಗಿಲು ತೆರೆದೇ ಇತ್ತು, ಇರಲಿ. ಮುಂದೆ ಊರ ಹುಡುಗಿಯರು ಒಡಪು ಕೇಳಿಕೊಂಡು ಬಂದರೆ ಬಾಳವ್ವ ಕೊಡುತ್ತಿರಲಿಲ್ಲವಂತೆ. "ಕಣ್ಣ ಅದಾವಲ್ಲ, ನೋಡವಾ" ಅಂದು ಕಳಿಸುತ್ತಿದ್ದಳಂತೆ.

ಈಗಲೂ ಆ ಊರಲ್ಲಿ ಸೊಸೆ ಬಂದು ನಿಂತರೆ, ಹೇಳಿಕೊಡುವ ಚಟದ ಹೆಂಗಸರ ಬಾಯಿಗೆ ಬಾಳವ್ವನ ಹೆಸರಲ್ಲಿ ಒಂದೊಂದು ಬೆಲ್ಲದುಂಡೆ ತುರುಕುತ್ತಾರೆ. ಅದು ಕರಗುವುದರೊಳಗೆ ಹುಡುಗಿ ತನ್ನದೇ ಒಂದನ್ನು ಕಟ್ಟಬೇಕು. ಪ್ರಾಸ ಕುಂಟಿದರೆ ಯಾರೂ ತಿದ್ದುವುದಿಲ್ಲ. ತಿದ್ದಬೇಕೆಂದರೂ, ಬಾಯ್ತುಂಬ ಬೆಲ್ಲ.