ತೆರೆಯದ ನೋಟ್‌ಬುಕ್

"ಗುರುಗಳೇ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ಬರವಣಿಗೆಯ ಯಾವ ತರಗತಿಗೆ ಸೇರಬೇಕೆಂದು ಹೇಗೆ ತಿಳಿಯುವುದು?" ಎಂದು ಶಿಷ್ಯ ಕೇಳಿದ. ಅವನು ಕಾಲೇಜೊಂದರಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದ. ಮಕ್ಕಳಿಗೆ ತರಗತಿ ಸೂಚಿಸುವ ಕೆಲಸ ಅವನ ಪಾಲಿಗೆ ಬಂದಿತ್ತು.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಅಧ್ಯಾಪಕನಿದ್ದ. ಅವನ ಕಾಲೇಜಿನಲ್ಲಿ ಇಂಗ್ಲಿಷ್ ಬರವಣಿಗೆಗೆ ಎರಡು ತರಗತಿ. ಒಂದರಲ್ಲಿ ವಾಕ್ಯ ಕಟ್ಟುವುದನ್ನು ಮೊದಲಿನಿಂದ, ನಿಧಾನವಾಗಿ ಕಲಿಸುತ್ತಿದ್ದರು. ಇನ್ನೊಂದರಲ್ಲಿ ತಾವು ಕಂಡದ್ದನ್ನು, ಯೋಚಿಸಿದ್ದನ್ನು ಪುಟಗಟ್ಟಲೆ ಬರೆಯಬೇಕಿತ್ತು. ಯಾರು ಎಲ್ಲಿ ಕೂರಬೇಕೆಂದು ಹೇಳುವವನು ಅವನೇ. ಒಳ್ಳೆಯವನು. ತೊಂದರೆಯಾದದ್ದು ಅದರಿಂದಲೇ.

ಬೀಡಿ ಕಟ್ಟುವವಳ ಮಗಳೊಬ್ಬಳು ಬಂದಳು. ಕೈಯಲ್ಲಿ ಒಂದು ನೋಟ್‌ಬುಕ್. ಇಂಗ್ಲಿಷಿನಲ್ಲಿ ಮಾತಾಡಲು ಹೋಗಿ ನಾಲ್ಕು ಮಾತಿಗೆ ಮೂರು ಸಲ ತಡವರಿಸಿದಳು. ಅಧ್ಯಾಪಕನಿಗೆ ತನ್ನ ಹಳೆಯ ದಿನಗಳು ನೆನಪಾದವು. ತಾನೂ ಹೀಗೇ ಬಂದವನು, ಪುಟಗಟ್ಟಲೆ ಬರೆಯುವ ಆ ಎರಡನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಅತ್ತವನು. ಇವಳಿಗೆ ಆ ಪಾಡು ಬೇಡ ಎಂದುಕೊಂಡ.

"ಮೊದಲನೆಯದಕ್ಕೇ ಸೇರಿಕೊಳ್ಳಮ್ಮ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು," ಎಂದ.

"ಸಾರ್, ನಮ್ಮಮ್ಮ, ಅವಳ ಜೊತೆಯೋರು ಬೀಡಿ ಕಟ್ತಾ ಹೇಳಿದ್ದನ್ನೆಲ್ಲ ಇದರಲ್ಲಿ ಬರೆದಿದೀನಿ. ದೂರದೋರೂ ಓದ್ಲಿ ಅಂತ ಇಂಗ್ಲಿಷಲ್ಲೇ ಬರೆದೆ. ಪುಸ್ತಕ ಮಾಡ್ಬೇಕು ಅಂತ ಆಸೆ. ಒಂದ್ಸಲ ನೋಡ್ತೀರಾ?"

"ಅದಕ್ಕೇನು ಅವಸರ? ಇಟ್ಟು ಹೋಗು."

ಆ ತರಗತಿ ಕೆಟ್ಟದ್ದೇನಲ್ಲ, ಬೇಕಾದವರಿಗೆ. ಅವಳು ವರ್ಷವಿಡೀ ರಜೆಯ ಅರ್ಜಿ ಬರೆದಳು, ಬಿಟ್ಟ ಸ್ಥಳ ತುಂಬಿದಳು. ಎಲ್ಲರಿಗಿಂತ ಹೆಚ್ಚು ಅಂಕ ಪಡೆದಳು. ಅಧ್ಯಾಪಕ ಹಿರಿಹಿರಿ ಹಿಗ್ಗಿದ.

ಅವಳು ಕಾಲೇಜು ಬಿಟ್ಟ ಮೇಲೆ, ಅಧ್ಯಾಪಕ ತನ್ನ ಕಪಾಟು ಖಾಲಿ ಮಾಡುವಾಗ ಅವಳ ನೋಟ್‌ಬುಕ್ ಸಿಕ್ಕಿತು. ನಿಂತಲ್ಲೇ ಓದಿದ. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು. ಆದರೆ ಅಂಥದ್ದೊಂದು ಪುಟವನ್ನು ಅವನು ಈ ಜನ್ಮದಲ್ಲಿ ಬರೆಯಲಾರ. ಅವಳನ್ನು ಹುಡುಕಿಕೊಂಡು ಹೋದ. ಅವಳು ಒಂದು ಕಚೇರಿಯಲ್ಲಿ ಪತ್ರಗಳನ್ನು ತಿದ್ದುತ್ತಿದ್ದಳು. ನೋಟ್‌ಬುಕ್ಕನ್ನು ಮುಂದಿಟ್ಟು, ಮುಂದುವರಿಸು ಎಂದು ಬೇಡಿಕೊಂಡ.

ಅವಳು ಅದನ್ನು ಮುಟ್ಟಲಿಲ್ಲ. "ಈಗ ಬರೆಯೋಕೆ ಕೂತರೆ ಮೊದಲು ತಪ್ಪೇ ಕಾಣ್ಸುತ್ತೆ ಸಾರ್," ಎಂದಳು.

ಗುರುಗಳು ಎದ್ದು, ಪೆಟ್ಟಿಗೆಯಿಂದ ಹಳೆಯದೊಂದು ನೋಟ್‌ಬುಕ್ ತೆಗೆದು ಶಿಷ್ಯನ ಮುಂದಿಟ್ಟರು.

"ಹಾಸಿಗೆ ಉದ್ದವಾಗಿಯೇ ಇತ್ತಪ್ಪ, ನಾನು ಬಿಚ್ಚಿ ನೋಡಲಿಲ್ಲ."