ನಾಮಕರಣದ ಡಿವಿಡಿಯೂ ಹಾರ್ಡ್ ಡಿಸ್ಕೂ

ಕುಮುದಮ್ಮ ಮನೆಯ ಡಿವಿಡಿಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ತುಂಬಿಸುತ್ತಿದ್ದರು; ತುಂಬಿಸಿ ಮುಗಿದವನ್ನು ದಾರ ಕಟ್ಟಿ, ಪಾರಿವಾಳ ಬೆದರಿಸಲು ಬಾಲ್ಕನಿಯಲ್ಲಿ ತೂಗುಹಾಕುತ್ತಿದ್ದರು. ಕೊನೆಗೆ ಉಳಿದದ್ದು ನಾಮಕರಣದ ಡಿವಿಡಿ. ಹಬ್ಬ ಬಂತೆಂದರೆ ಮನೆಮಂದಿ ಅದನ್ನು ಹಾಕಿ, ತೀರಿಹೋದ ಅಜ್ಜಿಯ ನಗು ಕೇಳಿ ತಾವೂ ನಗುತ್ತಿದ್ದರು. ಆ ನಗುವೇ ಅದರ ಜೀವ.

"ಹೆದರಬೇಡ ತಂಗಿ," ಎಂದಿತು ಹಾರ್ಡ್ ಡಿಸ್ಕ್. "ನನ್ನೊಳಗೆ ಬಂದವರಿಗೆ ಗೀರಿಲ್ಲ, ಧೂಳಿಲ್ಲ, ಸಾವಿಲ್ಲ."

"ಬಹಳ ಸಂತೋಷ ಅಣ್ಣ. ಒಳಗಿರುವವರನ್ನು ಒಮ್ಮೆ ಮಾತಾಡಿಸಲೇ?" ಎಂದ ಡಿವಿಡಿ, ಮೊದಲೇ ಒಳಹೊಕ್ಕಿದ್ದ ಮದುವೆಯ ವಿಡಿಯೋವನ್ನು ಕೂಗಿತು: "ಅಕ್ಕಾ, ಸುಖವಾಗಿದ್ದೀಯಾ?"

ಒಳಗಿನಿಂದ ಪಿಸುದನಿ ಬಂತು: "ಯಾರು, ನೋಡೋಕೆ ಬಂದ್ರಾ? ನಾವೆಲ್ಲ ಸಿಂಗರಿಸಿಕೊಂಡು ಕಾಯ್ತಾ ಇದ್ದೀವಿ."

"ಅಲ್ಲಕ್ಕಾ, ನಾನು."

"ಓ, ನೀನಾ," ಎಂದು ಪಿಸುದನಿ ಬಾಡಿತು. ಡಿವಿಡಿ ಹಾರ್ಡ್ ಡಿಸ್ಕಿನತ್ತ ತಿರುಗಿತು. "ಅಣ್ಣ, ಇವರನ್ನು ಯಾರೂ ನೋಡಿಲ್ಲವೇ?"

"ಇಲ್ಲ. ಕಳೆದುಹೋಗುವ ಭಯವೇ ಇಲ್ಲವಲ್ಲ, ನೋಡಲು ಅವಸರವೇನು?"

"ಹಾಗಾದರೆ ಗೀರು ಬಿದ್ದರೂ ಸರಿ, ನಾನು ಹೊರಗೇ ಇರುತ್ತೇನೆ!"

ಅಷ್ಟರಲ್ಲಿ ಕುಮುದಮ್ಮ ಗುಂಡಿ ಒತ್ತಿದರು. ಡಿವಿಡಿ ಕೂತಿದ್ದ ಟ್ರೇ ಒಳಗೆ ಸರಿಯಿತು. ಕೆಲಸ ಮುಗಿದ ಮೇಲೆ ಹಾರ್ಡ್ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನೊಳಗಿಟ್ಟು, "ಸದ್ಯ, ಇನ್ನು ನಿಶ್ಚಿಂತೆ," ಎಂದು ಕೀಲಿ ತಿರುಗಿಸಿದರು. ಆ ಸದ್ದಿಗೆ ಕತ್ತಲೊಳಗಿದ್ದವರೆಲ್ಲ, ನೋಡುವವರು ಬಂದರೆಂದು ನೆಟ್ಟಗೆ ಕೂತರು. ಎಲ್ಲರಿಗಿಂತ ಮೊದಲು ಕೂತವಳು ಹೊಸದಾಗಿ ಬಂದ ತಂಗಿ.